ಪಾದದ ಅಳತೆ

ಮೂರನೆಯ ಒದೆತಕ್ಕೆ ಗಾಡಿ ಶುರುವಾಯಿತು. ಎರಡೂ ಸೈಲೆನ್ಸರುಗಳಿಂದ ನೀಲಿ ಹೊಗೆ ಬಂದು ಅಂಗಳದ ಚಿಕ್ಕು ಗಿಡದ ಕೆಳಗೆ ತುಂಬಿಕೊಂಡಿತು. ಶಶಿಕಾಂತ ಒದೆದ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ಮಡಚಿದ. ಯೆಜ್ಡಿಯಲ್ಲಿ ಕಿಕ್ಕರೂ ಅದೇ, ಗೇರೂ ಅದೇ. ಗೊತ್ತಿಲ್ಲದವರು ಗೇರು ಎಲ್ಲಿದೆಯೆಂದು ಬಗ್ಗಿ ಹುಡುಕುತ್ತ ನಿಲ್ಲುತ್ತಾರೆ. ಹನ್ನೊಂದು ವರ್ಷ ತಗಡಿನ ಶೆಡ್ಡಿನಲ್ಲಿ ಇಲಿಗಳಿಗೆ ಬಾಡಿಗೆಯಿಲ್ಲದ ಮನೆಯಾಗಿದ್ದ ಗಾಡಿ ಈಗ ನಿಂತಲ್ಲೇ ಮೈ ನಡುಗಿಸುತ್ತಿತ್ತು. ಅವನು ಹೆಂಡತಿಯ ಮುಖ ನೋಡಿದ, ಪಾಟಿ ತೋರಿಸಿ ಸರಿ ಗುರುತಿಗೆ ಕಾಯುವ ಹುಡುಗನ ಹಾಗೆ.

ಭುವನೇಶ್ವರಿ ಮೂವತ್ತು ವರ್ಷದಿಂದ ಕನ್ನಡ ಶಾಲೆಯಲ್ಲಿ ಅಕ್ಕೋರು. ಸರಿ ಗುರುತು ಹಾಕುವುದರಲ್ಲಿ ಜಿಪುಣಿ. ಈಗ ಐದು ತಿಂಗಳಿಂದ ರಜೆಯ ಮೇಲಿದ್ದಳು. ಎದೆಯ ಗಂಟಿಗೆ ಆಪರೇಶನ್ ಆಗಿ, ಇಪ್ಪತ್ತೊಂದು ದಿನಕ್ಕೊಂದರಂತೆ ಆರು ಡೋಸಿನ ಪೈಕಿ ನಾಲ್ಕು ಮುಗಿದಿದ್ದವು. ಡೋಸಾದ ಮೊದಲ ಎಂಟು ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಕೊನೆಯ ನಾಲ್ಕೈದು ದಿನ ಬಾಯಿಗೆ ರುಚಿ ಬಂದು, ರೊಟ್ಟಿ ದಪ್ಪಗಾಗಿದೆ ಎಂದು ಗಂಡನನ್ನು ಬೈಯುವಷ್ಟು ಸುಧಾರಿಸುತ್ತಾಳೆ. ಈ ಭಾನುವಾರ ಅಂಥ ದಿನ. ತಲೆಗೆ ಸ್ಕಾರ್ಫು ಕಟ್ಟಿಕೊಂಡು ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಂದು ಕೂತಿದ್ದಳು.

"ದನಿ ಅದ ಐತಿ ನೋಡ್ರಿ," ಅಂದಳು. "ಓಣಿ ತಿರುವಿನ್ಯಾಗ ಈ ದನಿ ಕೇಳಿದ ಕೂಡ್ಲೆ ನಿಮ್ಮವ್ವ ಒಲಿ ಮ್ಯಾಲ ಚಾ ಇಡ್ತಿದ್ರು."

"ಈಗ ಗಾಡಿ ಹೊಡಿಯಾಂವಾನೂ ನಾನ, ಬಂದು ಚಾ ಇಡಾಂವಾನೂ ನಾನ."

ಅವಳು ನಕ್ಕಳು. ಕುರ್ಚಿಯ ಕೈ ಹಿಡಿದು ಎದ್ದು, ಗುಡಿ ಸುತ್ತುವವರ ಹಾಗೆ ಗಾಡಿಯನ್ನು ನಿಧಾನವಾಗಿ ಸುತ್ತತೊಡಗಿದಳು. ಕುಂಕುಮದ ಬಣ್ಣದ ಟ್ಯಾಂಕನ್ನು ಮುಟ್ಟಿದಳು, ಹೆಡ್‌ಲೈಟಿನ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು ಸ್ಕಾರ್ಫು ಸರಿ ಮಾಡಿಕೊಂಡಳು. ಎಡಮಗ್ಗುಲಿಗೆ ಬಂದಾಗ ನಿಂತಳು.

"ಜಾಳಿ ಎಲ್ಲೈತ್ರಿ?"

ಸೀರೆಯ ಅಂಚು ಹಿಂದಿನ ಗಾಲಿಗೆ ಸಿಗಬಾರದೆಂದು ಹಾಕುವ ಕಬ್ಬಿಣದ ಜಾಳಿ, ಅದರ ಕೆಳಗೆ ಕಾಲಿಡಲು ಒಂದು ಪಟ್ಟಿ. ಅದು ಇದ್ದ ಜಾಗದಲ್ಲಿ ಈಗ ಗಾಲಿಯ ಕಡ್ಡಿಗಳು ಥಳಥಳ ಹೊಳೆಯುತ್ತಿದ್ದವು.

"ಅದು ಕಂಪನಿದಲ್ಲ, ನಾವು ಆಮ್ಯಾಲ ಹಾಕಿಸಿದ್ದು," ಅಂದ ಶಶಿಕಾಂತ. "ನಮ್ಮ ಹಳೇ ಗಾಡಿ ಗುಂಪಿನ ವಿನೀತ ವಾಟ್ಸಾಪಿನ್ಯಾಗ ಹೇಳಿದ, ಅದನ್ನ ತಗದ್ರ ಗಾಡಿ ಖರೇ ರೂಪಕ್ಕ ಬರತೈತಿ ಅಂತ."

ಅವಳು ಸ್ವಲ್ಪ ಹೊತ್ತು ಗಾಲಿಯನ್ನೇ ನೋಡಿದಳು. "ಆತು ಬಿಡ್ರಿ. ಒಬ್ಬರ ಹೋಗೂ ಗಾಡಿಗೆ ಜಾಳಿ ಯಾಕ ಬೇಕು," ಅಂದಳು. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲೇ ಅಂದಳು. ಗೋಡೆ ಹಿಡಿದು ಒಳಗೆ ಹೋದಳು. ಗಾಡಿ ತನ್ನ ಪಾಡಿಗೆ ತಾನು ದಗದಗ ಎನ್ನುತ್ತಿತ್ತು. ಅದನ್ನು ಬಂದ್ ಮಾಡಬೇಕೆಂಬುದು ಅವನಿಗೆ ಹೊಳೆಯಲು ಬಹಳ ಹೊತ್ತಾಯಿತು.

ಮಧ್ಯಾಹ್ನ ಉಣ್ಣುವಾಗ ಅವಳು ತಾಟಿನಿಂದ ತಲೆ ಎತ್ತದೆ ಹೇಳಿದಳು.

"ಬುಧವಾರ ನಾ ದವಾಖಾನಿಗೆ ಬರೂದಿಲ್ಲ. ವಿದ್ಯಾಗ ಫೋನ್ ಮಾಡಿ ಹೇಳ್ರಿ. ಪಾಪ, ಸೂಟಿ ಹಾಕಿ ಗದಗಿನಿಂದ ಬರೂದು ಬ್ಯಾಡ."

ವಿದ್ಯಾ ಇವರ ಒಬ್ಬಳೇ ಮಗಳು. ಪ್ರತಿ ಡೋಸಿಗೂ ಬಂದು ಎರಡು ದಿನ ಇದ್ದು ಹೋಗುತ್ತಿದ್ದಳು.

"ಇನ್ನ ಎರಡ ಉಳದಾವಲ್ಲ," ಅಂದ ಶಶಿಕಾಂತ. "ನಡುವ ಬಿಟ್ರ ಮತ್ತ ತಿರುಗಿ ಬರತೈತಿ ಅಂತ ಡಾಕ್ಟರ್ ಬಿಡಿಸಿ ಹೇಳ್ಯಾರ. ಮುಗಿಸಿಬಿಡೂಣು."

"ನಾಲ್ಕ ತಗೊಂಡೆ, ಸಾಕಾತು. ನಿಮಗೂ ಹಂಗ ಅನಿಸೇತಿ. ಬಾಯಿಲೆ ಹೇಳಲಿಲ್ಲ, ಅಷ್ಟ."

ಅವನು ಅವಳ ತಾಟಿಗೆ ಇನ್ನಷ್ಟು ಪಲ್ಯ ಬಡಿಸಿದ.

ಅವನು ಆ ಗಾಡಿಗೆ ಕೈ ಹಚ್ಚಿದ್ದು ಹುಚ್ಚಿನಿಂದಲ್ಲ, ಅಂಜಿಕೆಯಿಂದ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೂವತ್ತಮೂರು ವರ್ಷ ಲೇಥ್ ಮಶೀನಿನ ಮುಂದೆ ನಿಂತು ರಿಟೈರಾದವನು. ಮಶೀನು ಕೆಮ್ಮಿದರೆ ಸಾಕು, ಎಲ್ಲಿ ಏನು ಸಡಿಲಾಗಿದೆ ಎಂದು ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಆ ಜಾಣತನ ಯಾವುದಕ್ಕೂ ಬರಲಿಲ್ಲ. ಔಷಧಿಗಳ ಹೆಸರು ನಾಲಿಗೆಗೆ ಹತ್ತುತ್ತಿರಲಿಲ್ಲ, ರಿಪೋರ್ಟು ಕೈಯಲ್ಲಿ ಹಿಡಿದರೆ ಮೊದಲ ಸಾಲಿನಿಂದ ಮುಂದೆ ಹೋಗಲಾಗುತ್ತಿರಲಿಲ್ಲ. ಮೊದಲ ಡೋಸಾಗಿ ಅವಳು ಮಲಗಿದ್ದ ದಿನ, ಏನು ಮಾಡಬೇಕೆಂದು ತಿಳಿಯದೆ ಶೆಡ್ಡಿನ ಬಾಗಿಲು ತೆಗೆದಿದ್ದ. ಕಾರ್ಬುರೇಟರು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಹಾಕಿದ. ಒಳಗಿನ ಸಾಸಿವೆಯಷ್ಟು ಸಣ್ಣ ತೂತಿನಲ್ಲಿ ಕಸ ಕೂತಿತ್ತು. ತೆಳು ತಂತಿಯಿಂದ ಚುಚ್ಚಿ, ಬಿಸಿಲಿಗೆ ಹಿಡಿದಾಗ ಬೆಳಕು ಆಚೆಯಿಂದ ಈಚೆಗೆ ಬಂತು. ಅವತ್ತು ರಾತ್ರಿ ಅವನಿಗೆ ಬಹಳ ದಿನದ ಮೇಲೆ ಊಟ ಸೇರಿತು.

ಆಮೇಲೆ ಅದೇ ಅವನ ಮದ್ದಾಯಿತು. ಸೀಮೆಎಣ್ಣೆಯ ವಾಸನೆ ಅವಳಿಗೆ ಆಗದೆಂದು ಗಾಡಿಯನ್ನು ಚಿಕ್ಕು ಗಿಡದ ಬುಡಕ್ಕೆ ಸರಿಸಿಕೊಂಡ. ಅವಳು ಕಿಟಕಿಯೊಳಗಿನಿಂದಲೇ, "ಇವತ್ತೇನ ಬಿಚ್ಚಿದ್ರಿ?" ಎಂದು ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಇಬ್ಬರೂ ರೋಗದ ಮಾತು ಬಿಟ್ಟು ಆಡುತ್ತಿದ್ದ ಮಾತು ಅದೊಂದೇ.

ಮೂರನೆಯ ಡೋಸು ಅವಳನ್ನು ಹಣ್ಣು ಮಾಡಿಬಿಟ್ಟಿತು. ಒಂದು ದಿನ ಬಚ್ಚಲಿಗೂ ಹೋಗಲಾರದಾದಾಗ ಅವನೇ ಎತ್ತಿಕೊಂಡು ಹೋದ. ತಲೆದಿಂಬಿನಷ್ಟು ಹಗುರವಾಗಿದ್ದಳು. ಅವತ್ತು ಸಂಜೆಯೇ ವಿನೀತನ ಸಂದೇಶ ಬಂದದ್ದು. ಶಶಿಕಾಂತ ಹದಿನಾಲ್ಕರ ಪಾನಾ ಹಿಡಿದು ಜಾಳಿಯ ನಾಲ್ಕೂ ಬೋಲ್ಟು ಬಿಚ್ಚಿದ, ಹಳೆಯ ತಗಡುಗಳ ಜೊತೆ ಗುಜರಿಯ ಹುಲಗಪ್ಪನಿಗೆ ಹಾಕಿಬಿಟ್ಟ. ಖರೇ ರೂಪ ಎಂಬುದೆಲ್ಲ ನೆಪ. ಇನ್ನು ಇವಳು ಹಿಂದೆ ಕೂಡುವುದಿಲ್ಲ ಎಂದು ಅವತ್ತು ಅವನ ಮನಸ್ಸಿಗೆ ಬಂದಿತ್ತು. ಬಾಯಿ ಆಡದ್ದನ್ನು ಕೈ ಮಾಡಿತ್ತು. ಮೂವತ್ತು ವರ್ಷ ಹುಡುಗರ ಕಳ್ಳಲೆಕ್ಕ ಹಿಡಿದ ಅಕ್ಕೋರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ.

ಆ ಜಾಳಿಗೆ ಒಂದು ಕಥೆ ಇತ್ತು. ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ, ಹೊಸ ಗಾಡಿ, ಹೊಸ ಹೆಂಡತಿ. ಧಾರವಾಡದಿಂದ ಹುಬ್ಬಳ್ಳಿಗೆ ಅವಳ ಸೋದರತ್ತೆಯ ಮನೆಗೆ ಹೊರಟಿದ್ದರು. ರಾಯಾಪುರದ ಹತ್ತಿರ ಅವಳ ಹಸಿರು ಇಳಕಲ್ ಸೀರೆಯ ಅಂಚು ಗಾಲಿಗೆ ಸಿಕ್ಕಿ ಗಾಡಿ ಗಕ್ಕನೆ ನಿಂತಿತು. ಬೀಳಲಿಲ್ಲ, ದೇವರು ದೊಡ್ಡವನು. ಅವನು ರಸ್ತೆಯಲ್ಲಿ ಕೂತು ಗಾಲಿಯ ಕಡ್ಡಿಗಳಿಂದ ಸೀರೆಯ ಚೂರು ಬಿಡಿಸುತ್ತಿದ್ದರೆ, ಅವಳು ಅವನ ಟಾವೆಲು ಸುತ್ತಿಕೊಂಡು ನಿಂತು, "ಗಾಡಿ ತಗೋಳಾಗ ಹಿಂದ ಒಂದು ಹೆಣ್ಣು ಕುಂಡ್ರತೈತಿ ಅಂತ ನೆನಪ ಬರಲಿಲ್ಲೇನ್ರಿ?" ಎಂದಿದ್ದಳು. ಅತ್ತೆಯ ಮನೆ ಬಿಟ್ಟು ನೆಟ್ಟಗೆ ಹುಬ್ಬಳ್ಳಿಯ ಕಮರಿಪೇಟೆಗೆ, ಗುಲಾಬಸಾಬನ ವೆಲ್ಡಿಂಗ್ ಅಂಗಡಿಗೆ ಹೋದರು. ಗುಲಾಬಸಾಬ ಅಲ್ಲೇ ನಿಂತು, ಕಬ್ಬಿಣದ ಸಳಿ ಬಗ್ಗಿಸಿ, ನಡುವೆ ಬಳ್ಳಿಯ ಸುರುಳಿಯೊಂದನ್ನು ಕೂಡಿಸಿ ಜಾಳಿ ಮಾಡಿಕೊಟ್ಟಿದ್ದ. ಮುಂದೆ ಇಪ್ಪತ್ತು ವರ್ಷ ಅವಳು ಅದರ ಪಟ್ಟಿಯ ಮೇಲೆ ಕಾಲಿಟ್ಟುಕೊಂಡೇ ಶಾಲೆಗೆ ಹೋದಳು. ಹೆಬ್ಬೆರಳು ಊರುವ ಜಾಗದಲ್ಲಿ ಬಣ್ಣ ಹೋಗಿ ಕಬ್ಬಿಣ ಬೆಳ್ಳಿಯ ಹಾಗೆ ಮಿನುಗುತ್ತಿತ್ತು.

ಸೋಮವಾರ ಬೆಳಿಗ್ಗೆ ಶಶಿಕಾಂತ ಹುಲಗಪ್ಪನ ಗುಜರಿಗೆ ಓಡಿದ.

"ಅಣ್ಣಾರ, ಅದು ಕರಗಿ, ಸಳಿ ಆಗಿ, ಯಾರದೋ ಮನಿ ಸ್ಲ್ಯಾಬಿನ್ಯಾಗ ಕುಂತಿರತೈತಿ ಈಗ," ಅಂದ ಹುಲಗಪ್ಪ.

ಅಲ್ಲಿಂದ ಕಮರಿಪೇಟೆಗೆ ಹೋದ. ಗುಲಾಬಸಾಬನಿಗೆ ಎಪ್ಪತ್ತಾರು. ಅಂಗಡಿಯ ಕೆಲಸವೆಲ್ಲ ಮಗನದು. ಮುದುಕ ಬೆಳಗಿನ ಹೊತ್ತು, ಕಣ್ಣು ತಿಳಿಯಾಗಿರುವಾಗ ಮಾತ್ರ ಸಣ್ಣಪುಟ್ಟ ವೆಲ್ಡಿಂಗ್ ಮಾಡುತ್ತಿದ್ದ. ಶಶಿಕಾಂತ ಹೇಳಿದ್ದನ್ನೆಲ್ಲ ಗಡ್ಡ ನೀವಿಕೊಳ್ಳುತ್ತ ಕೇಳಿದ.

"ನಾ ಮಾಡಿದ್ದು ತಗದಿ ಯಾಕ, ತಮ್ಮಾ?"

"ಅಂಜಿ, ಚಾಚಾ."

ಮುದುಕ ಹೂಂ ಎಂದ. ಆಮೇಲೆ, "ಇನ್ನೊಂದ ಮಾಡೂಣು. ಅಳತಿ?" ಅಂದ.

"ಅದ ಗಾಡಿ, ಅದ ಅಳತಿ."

"ಜಾಳಿ ಗಾಡಿ ಅಳತಿಗೆ ಮಾಡೂದಲ್ಲಪಾ. ಕುಂಡ್ರಾವ್ರ ಪಾದದ ಅಳತಿಗೆ ಮಾಡೂದು. ಅವತ್ತೂ ಅಕ್ಕೋರನ್ನ ಕುಂಡ್ರಿಸಿನ ಗುರುತು ಹಾಕಿದ್ದೆ, ಮರತೇನು? ಅವರು ಕುಂಡ್ರದ ನಾ ಒಂದ ಸಳಿ ಕೊಯ್ಯೂದಿಲ್ಲ."

"ಅವಳಿಗೆ ಇಲ್ಲೀತನಕ ಬರಾಕ ಆಗೂದಿಲ್ಲ ಚಾಚಾ."

"ನನಗ ಆಗತೈತೆಲ್ಲ. ನಾಳೆ ಬರ್ತೇನಿ."

ಮಂಗಳವಾರ ಮುದುಕ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದೇಬಿಟ್ಟ, ಬಗಲಲ್ಲಿ ಚೀಲ, ಕೈಯಲ್ಲಿ ಟಿವಿ ಡಬ್ಬದ ದೊಡ್ಡ ರಟ್ಟು. ಭುವನೇಶ್ವರಿ ಒಳಗಿನಿಂದ "ಆರಾಮ ಅದೀರೇನ್ರಿ" ಎಂದಳೇ ಹೊರತು ಹೊರಗೆ ಬರಲಿಲ್ಲ. ಶಶಿಕಾಂತ ಹೋಗಿ ಎರಡು ಸಲ ಕರೆದ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಇವನು ಸಪ್ಪೆ ಮುಖ ಮಾಡಿಕೊಂಡು ಚಾ ಮಾಡಿ ತಂದುಕೊಟ್ಟ. ಗುಲಾಬಸಾಬ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ. ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡ, ಚೀಲದಲ್ಲಿ ಕೈಯಾಡಿಸಿದ, ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಹೇಳಿದ:

"ಖಡು ಮರತು ಬಂದೇನಿ ನೋಡು. ಗುರುತು ಹ್ಯಾಂಗ ಹಾಕೂದು? ಇರ್ಲಿ, ಅಕ್ಕೋರ ಮನ್ಯಾಗ ಖಡುವಿಗೇನ ಬರಾ?"

ಒಳಗೆ ಚೀಲದ ಜಿಪ್ಪು ಎಳೆದ ಸಪ್ಪಳ ಕೇಳಿತು. ಐದು ತಿಂಗಳಿಂದ ಮೊಳೆಗೆ ನೇತುಬಿದ್ದಿದ್ದ ಶಾಲೆಯ ಚೀಲ ಅದು. ಭುವನೇಶ್ವರಿ ಅರ್ಧ ತುಂಡು ಸೀಮೆಸುಣ್ಣ ಹಿಡಿದು ಬಾಗಿಲಿಗೆ ಬಂದಳು. ಮುದುಕ ಅದನ್ನು ತೆಗೆದುಕೊಂಡು, ರಟ್ಟನ್ನು ಕಟ್ಟೆಗೆ ಒರಗಿಸಿ, ನೆಲದ ಗುರುತಿಗೆಂದು ಒಂದು ಗೆರೆ ಎಳೆದ. ಗೆರೆ ಹಾವಿನ ಹಾಗೆ ಹರಿಯಿತು.

ಅವಳು ತಡೆದುಕೊಂಡಳು, ಆಗಲಿಲ್ಲ. "ಗೆರಿ ಸೊಟ್ಟಾತ್ರಿ."

"ನನ್ನ ಕಣ್ಣ ಅಷ್ಟ ಅಕ್ಕೋರ."

ಅವಳು ಮೆಟ್ಟಿಲು ಇಳಿದು ಬಂದು ಖಡು ಇಸಿದುಕೊಂಡಳು. ಸೊಟ್ಟ ಗೆರೆಯನ್ನು ಅಂಗೈಯಿಂದ ಒರೆಸಿ, ಅಳತೆಪಟ್ಟಿಯಿಲ್ಲದೆ ನೆಟ್ಟಗೆ ಇನ್ನೊಂದು ಎಳೆದಳು. ಎಳೆದಾದ ಮೇಲೆ ಬೆರಳಿನ ಬಿಳಿ ಪುಡಿಯನ್ನು ನೋಡುತ್ತ ನಿಂತಳು.

ಶಶಿಕಾಂತನಿಗೆ ಇನ್ನು ತಡೆಯಲಾಗಲಿಲ್ಲ. "ಖರೇ ರೂಪ ಅಂದದ್ದು ಸುಳ್ಳು," ಅಂದ. "ಅವತ್ತ ನಿನ್ನ ಎತ್ತಿಕೊಂಡ ಹೋಗಿದ್ನಲ್ಲ, ಅವತ್ತ ತಗದೆ. ಇನ್ನ ನೀ ಕುಂಡ್ರೂದಿಲ್ಲ ಅಂತ ಅನಸ್ತು. ಭಾಳ ಅಂಜಿದ್ದೆ."

"ನನಗೂ ಹಂಗ ಅನಸ್ತಿತ್ತರಿ," ಅಂದಳು ಭುವನೇಶ್ವರಿ. "ಅದಕ್ಕ ಜಾಳಿ ಐತೇನಂತ ನೋಡಿದೆ."

ಶಶಿಕಾಂತ ಅಡುಗೆಮನೆಯಿಂದ ಮಣೆ ತಂದು ಗಾಡಿಯ ಪಕ್ಕಕ್ಕೆ ಇಟ್ಟ.

"ನೀನೂ ಮುಂದ ಕುಂಡ್ರು ತಮ್ಮಾ," ಅಂದ ಗುಲಾಬಸಾಬ. "ಒಬ್ಬರ ಕುಂತ್ರ ಭಾರ ಬ್ಯಾರೆ, ಇಬ್ಬರು ಕುಂತ್ರ ಬ್ಯಾರೆ."

ಅವನು ಕೂತ. ಅವಳು ಮಣೆಯ ಮೇಲೆ ನಿಂತು, ನಿರಿಗೆ ಒತ್ತಿ ಹಿಡಿದು, ಒಂದು ಸಲ ಉಸಿರು ತೆಗೆದುಕೊಂಡು ಹಿಂದಿನ ಸೀಟಿಗೆ ಮಗ್ಗುಲಾಗಿ ಏರಿದಳು. ಬಲಗೈ ತಾನಾಗಿಯೇ ಅವನ ಭುಜಕ್ಕೆ ಬಂತು. ಹಗುರವಾದ ಕೈ, ಆದರೆ ಹಿಡಿದ ಜಾಗ ಹಳೆಯದೇ. ಮುದುಕ ಮಣೆಯನ್ನು ಆಚೆ ಸರಿಸಿ, ರಟ್ಟನ್ನು ಗಾಲಿಗೆ ಆನಿಸಿ ನೆಲದ ಮೇಲೆ ಕೂತ.

"ಪಾದ ಸಡ್ಲ ಬಿಡ್ರಿ ಅಕ್ಕೋರ. ತಾನ ಎಲ್ಲಿ ನಿಲ್ಲತೈತಿ ಅಲ್ಲೇ ಪಟ್ಟಿ."

ಖಡು ಅವಳ ಅಂಗಾಲಿನ ಕೆಳಗೆ ಸರಿದು ಹೋಯಿತು. "ಅವತ್ತಿಗಿಂತ ಎರಡ ಬಟ್ಟ ಮ್ಯಾಲ ಬಂತು," ಅಂದ, ಎರಡು ಬೆರಳು ಜೋಡಿಸಿ ತೋರಿಸುತ್ತ.

"ಮುದುಕಿ ಆದೆನಲ್ರಿ. ಮೊಣಕಾಲು ಮೊದಲಿನಂಗ ಚಾಚೂದಿಲ್ಲ."

"ಮತ್ತ ಹಳೇ ಜಾಳಿ ಇದ್ರೂ ಆಗ್ತಿರಲಿಲ್ಲ ಬಿಡ್ರಿ. ನಾಳೆ ಸಂಜೀಕ ತಂದು ಕೂಡಿಸಿಬಿಡ್ತೇನಿ."

ಶಶಿಕಾಂತ ಹ್ಯಾಂಡಲಿನ ಮೇಲಿಂದ ಮುಂದೆ ಗೇಟನ್ನೇ ನೋಡುತ್ತಿದ್ದ. ತಿರುಗಿ ನೋಡುವ ಧೈರ್ಯ ಇರಲಿಲ್ಲ. ಭುಜದ ಮೇಲಿನ ಕೈ ಒಂದಿಷ್ಟು ಬಿಗಿಯಾಯಿತು.

"ನಾಳೆ ಬ್ಯಾಡ್ರಿ ಚಾಚಾ," ಅಂದಳು ಅವಳು. "ನಾಳೆ ಬುಧವಾರ, ದವಾಖಾನಿಗೆ ಹೋಗೂದೈತಿ. ಅಲ್ಲಿಂದ ಬಂದ್ರ ಎಂಟ ದಿನಾ ನನಗ ಏಳಾಕ ಬರೂದಿಲ್ಲ. ಒಂಬತ್ತನೇ ದಿನಾ ತರ್ರಿ." ಆಮೇಲೆ ಗಂಡನ ಬೆನ್ನಿಗೆ ಕೇಳಿದಳು, "ವಿದ್ಯಾಗ ಬರಬ್ಯಾಡ ಅಂತ ಹೇಳಿಬಿಟ್ಟೀರೇನು?"

"ಇಲ್ಲ. ಫೋನ್ ಮಾಡಿಲ್ಲ."

"ಛಲೋ ಆತು."

ಗುಲಾಬಸಾಬ ಗುರುತು ಅಳಿಸದ ಹಾಗೆ ರಟ್ಟನ್ನು ಬಗಲಿಗಿಟ್ಟುಕೊಂಡು ಬಸ್ಸಿಗೆ ಹೊರಟುಹೋದ. ಅವಳು ಇಳಿಯಬೇಕಾದರೆ ಮಣೆ ಬೇಕಿತ್ತು. ಅದು ನಾಲ್ಕು ಹೆಜ್ಜೆ ಆಚೆ ಬಿದ್ದಿತ್ತು. ಶಶಿಕಾಂತ ಇಳಿದು ತರಲಿಲ್ಲ, ಅವಳೂ ತರಲು ಹೇಳಲಿಲ್ಲ. ಸ್ಟ್ಯಾಂಡು ಹಾಕಿದ ಗಾಡಿಯ ಮೇಲೆ ಇಬ್ಬರೂ ಗೇಟಿನ ಕಡೆ ನೋಡುತ್ತ ಕೂತಿದ್ದರು. ಅವಳ ಪಾದ ಗುರುತು ಹಾಕಿದ ಎತ್ತರದಲ್ಲಿಯೇ, ಇನ್ನೂ ಬಾರದ ಪಟ್ಟಿಯ ಮೇಲೆ ಊರಿದಂತೆ ನಿಂತಿತ್ತು.