ಪುನರ್ಪುಳಿಯ ಬಣ್ಣ

ಕಡಬದ ಗುಡ್ಡದ ಮ್ಯಾರಥಾನಿನಲ್ಲಿ ಮೂರನೇ ಏರು ಹತ್ತುವಾಗ ಮೋಕ್ಷಿತ್ ಮರದ ಮರೆಗೆ ಹೋದ. ಮೂತ್ರ ಕಡು ಚಹಾದ ಬಣ್ಣದಲ್ಲಿತ್ತು. ಮೊಣಕಾಲು ನೋವಿಗೆಂದು ಬೆಳಗ್ಗಿನಿಂದ ನುಂಗಿದ ಮಾತ್ರೆಗಳು ನೆನಪಾಗಿ ಓಟ ನಿಲ್ಲಿಸೋಣವೆನಿಸಿತು. ಆದರೆ ಕಳೆದ ವರ್ಷ ಅರ್ಧಕ್ಕೇ ಓಟ ಬಿಟ್ಟದ್ದಕ್ಕೆ ದರ್ಬೆಯ ಓಟಗಾರರ ಕ್ಲಬ್ಬಿನವರು ಅವನಿಗೆ ‘ಹಾಫ್ ಟಿಕೆಟ್’ ಎಂದು ಹೆಸರಿಟ್ಟಿದ್ದರು.

ನೀರು ಕೊಡುವಲ್ಲಿ ನಿಂತಿದ್ದ ಕ್ಲಬ್ಬಿನ ಹಿರಿಯ ಪ್ರೇಮನಾಥಣ್ಣ ತಡೆದರು.

“ಎಂತ ಮಾರಾಯ, ಮುಖ ಬೂದಿಯ ಹಾಗೆ ಉಂಟು. ಮೂತ್ರ ಸರಿ ಹೋಗ್ತದಾ?”

“ಸ್ವಲ್ಪ ಕೆಂಪು. ಕೆಳಗೆ ಪುನರ್ಪುಳಿ ಜ್ಯೂಸ್ ಕುಡಿದೆ ಅಲ್ವಾ, ಅದರದ್ದು.”

ಪ್ರೇಮನಾಥಣ್ಣ ನಕ್ಕರು. “ಹಾಗಾದ್ರೆ ಹತ್ತು, ಹಾಫ್ ಟಿಕೆಟ್.”

ಅವನು ಹತ್ತಿದ, ಪೂರ್ತಿ ಓಡಿದ. ಮೆಡಲು ಕೊರಳಿಗೆ ಬಿದ್ದ ಮೇಲೆ ವಾಂತಿ ಮಾಡಿ ಕುಸಿದ.

ಈಗ ಪುತ್ತೂರಿನ ಆಸ್ಪತ್ರೆಯಲ್ಲಿ ದಿನ ಬಿಟ್ಟು ದಿನ ಡಯಾಲಿಸಿಸ್. ಕಿಡ್ನಿ ಸರಿಯಾದೀತೆಂದು ಡಾಕ್ಟರರು ಮಾತು ಕೊಡುತ್ತಿಲ್ಲ.

ನೋಡಲು ಬಂದ ಪ್ರೇಮನಾಥಣ್ಣ ಮಂಚದ ಬದಿ ಕೂತರು. “ಆ ಜ್ಯೂಸ್ ನಾನೂ ದಿನಾ ಕುಡಿಯುದು. ಒಂದು ದಿನವೂ ಮೂತ್ರ ಕೆಂಪಾದದ್ದಿಲ್ಲ. ನನಗೆ ಗೊತ್ತಾಗ್ಬೇಕಿತ್ತು.”

“ನೀವು ನಂಬ್ಲಿ ಅಂತಲೇ ಹೇಳಿದ್ದಣ್ಣ,” ಎಂದ ಮೋಕ್ಷಿತ್. ಅವನ ಕಣ್ಣು ಅವರ ಕೈಯ ನೀರಿನ ಬಾಟಲಿಯ ಮೇಲಿತ್ತು. ಡಾಕ್ಟರರು ದಿನಕ್ಕಿಷ್ಟೇ ಎಂದು ಅಳೆದಿಟ್ಟ ಅವನ ಪಾಲಿನ ನೀರು ಬೆಳಗ್ಗೆಯೇ ಮುಗಿದಿತ್ತು.