ಮಿಶ್ರಿಕೋಟಿ ಪಂಥ

‘ಚಳವಳಿ’ ಎಂಬ ಶಬ್ದವನ್ನು ಅಮೃತಾ ಮತ್ತೆ ಬಳಸಿದಾಗ ಸಿದ್ಧಾರೂಢ ಕಾರಿನ ಕಿಟಕಿಯ ಕಡೆ ಮುಖ ತಿರುಗಿಸಿದ. ಖುಷಿಯಾದದ್ದು ಅವಳಿಗೆ ಕಾಣಬಾರದು.

“ಚಳವಳಿ ಗಿಳವಳಿ ಏನಿಲ್ಲವಾ. ಇಬ್ರು ಹುಡುಗ್ರು ಏನೋ ಮಾಡಿದ್ವಿ ಅಷ್ಟ.”

ಹೀಗೆಂದರೆ ಅವಳು ಒಪ್ಪುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಒಪ್ಪಲಿಲ್ಲ. ಅಂಥ ಕಾಲದಲ್ಲಿ ಅಂಥ ಹಳ್ಳಿಯಿಂದ ಅಂಥ ಪತ್ರಿಕೆ ಹೊರಬಂದದ್ದೇ ಒಂದು ಘಟನೆ ಎಂದಳು. ತನ್ನ ಪ್ರಬಂಧದಲ್ಲಿ ಅದಕ್ಕೆ ‘ಮಿಶ್ರಿಕೋಟಿ ಪಂಥ’ ಎಂದು ಹೆಸರಿಟ್ಟಿದ್ದೇನೆ, ಅಭ್ಯಂತರವಿಲ್ಲವಲ್ಲ ಎಂದು ಕೇಳಿದಳು. ಸಿದ್ಧಾರೂಢ ಯೋಚಿಸುವವನಂತೆ ಕನ್ನಡಕ ಒರೆಸಿಕೊಂಡು, ಅಭ್ಯಂತರವಿಲ್ಲ ಎಂದ.

ಅವನು ಅಣ್ಣಿಗೇರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ, ನಿವೃತ್ತಿ ಹತ್ತಿರವಾಗಿತ್ತು. ಅಮೃತಾ ಕನ್ನಡ ವೈಜ್ಞಾನಿಕ ಕಥೆಗಳ ಅಭಿಮಾನಿ ಪತ್ರಿಕೆಗಳ ಚರಿತ್ರೆ ಬರೆಯುತ್ತಿದ್ದ ಸಂಶೋಧಕಿ. ಇಡೀ ನಾಡಿನಲ್ಲಿ ಅಂಥ ಪತ್ರಿಕೆಗಳು ಬೆರಳೆಣಿಕೆಯಷ್ಟು ಇದ್ದುದರಿಂದ ಪ್ರತಿಯೊಂದೂ ಮಹತ್ವದ್ದಾಗಿತ್ತು. ಮಿಶ್ರಿಕೋಟಿಯಲ್ಲಿ ಸೈಕ್ಲೋಸ್ಟೈಲ್ ಯಂತ್ರದ ಮೇಲೆ ಹೊರಟ ‘ಗ್ರಹಾಂತರ’ ಕೂಡ. ಹೆಸರು ಸಿದ್ಧಾರೂಢನದೇ. ಅದು ಜ್ಯೋತಿಷ್ಯದ ಪತ್ರಿಕೆಯೆಂದು ತಿಳಿದು ಮಗಳ ಮದುವೆಗೆ ಅಡ್ಡ ಬಂದ ಶನಿಗೆ ಪರಿಹಾರ ಕೇಳಿದವರೂ ಚಂದಾದಾರರಲ್ಲಿದ್ದರು. ಚಂದಾದಾರರು ಕಡಿಮೆ ಇದ್ದುದರಿಂದ ಅವರಿಗೆ ಬೇಸರವಾಗದಂತೆ ಉತ್ತರ ಬರೆಯಬೇಕಾಗುತ್ತಿತ್ತು. ಮಂಗಳನಿಂದ ಬರುವ ಹಡಗುಗಳ ಪಕ್ಕದಲ್ಲೇ ಮಂಗಳವಾರದ ಉಪವಾಸದ ಸಲಹೆಯೂ ಅಚ್ಚಾಗುತ್ತಿತ್ತು. ಇದನ್ನು ಅವನು ಅಮೃತಾಳಿಗೆ ಹೇಳಿರಲಿಲ್ಲ. ಆಕೆಗೆ ಸಿಕ್ಕ ಸಂಚಿಕೆಗಳಲ್ಲಿ ಆ ಪುಟಗಳು ಅದೃಷ್ಟವಶಾತ್ ಹರಿದುಹೋಗಿದ್ದವು.

ಪತ್ರಿಕೆಯ ಇನ್ನೊಬ್ಬ ಸಂಪಾದಕ ಶಾಕೀರ್. ಒಂದೇ ಓಣಿ, ಒಂದೇ ಬೆಂಚು. ಶಾಕೀರನ ತಾಯಿ ಖಾತುನಬಿಯ ಕೈಯ ಜೋಳದ ರೊಟ್ಟಿ ತಿನ್ನುತ್ತ ಇಬ್ಬರೂ ಬೆಳಕಿನ ವೇಗದ ಬಗ್ಗೆ ಜಗಳವಾಡುತ್ತಿದ್ದರು. ಕಥೆ ಬರೆಯುವುದು ಶಾಕೀರನಿಗೆ ಬರುತ್ತಿತ್ತು. ಸಿದ್ಧಾರೂಢನಿಗೆ ತಿದ್ದುವುದು ಬರುತ್ತಿತ್ತು. ಹಾಗಾಗಿ ಪತ್ರಿಕೆ ನಡೆಯಿತು.

ನಿಂತದ್ದು ಒಂದು ವಾಕ್ಯದಿಂದ. ಶಾಕೀರನ ಕಥೆಯಲ್ಲಿ ಬೇರೆ ಲೋಕದ ಜೀವಿಯೊಂದು ಮಿಶ್ರಿಕೋಟಿಯ ಭತ್ತದ ಗದ್ದೆಯಲ್ಲಿಳಿದು, ಕಳೆ ಕೀಳುತ್ತಿದ್ದ ಮುದುಕಿಯ ಹತ್ತಿರ “ಯವ್ವಾ, ಒಂಚೂರು ನೀರ ಕೊಡ” ಎನ್ನುತ್ತದೆ. ಅಷ್ಟು ದೂರದಿಂದ ಬಂದ ಜೀವಿ ಹೀಗೆ ಮಾತಾಡಬಾರದೆಂದು ಸಿದ್ಧಾರೂಢನಿಗೆ ಅನಿಸಿತು. “ಮಾತೆ, ಜಲವನ್ನು ದಯಪಾಲಿಸು” ಎಂದು ತಿದ್ದಿ ಅಚ್ಚು ಹಾಕಿಸಿದ. ಶಾಕೀರ್ ರೇಗಿದ. ಅದು ಮುದುಕಿಯ ಮಾತು ಕೇಳಿ ಕನ್ನಡ ಕಲಿತದ್ದು, ವ್ಯಾಕರಣದ ಪುಸ್ತಕ ಓದಿ ಇಳಿದದ್ದಲ್ಲ ಎಂದ. ಸಿದ್ಧಾರೂಢ ಮುಂದಿನ ಸಂಚಿಕೆಯ ಸಂಪಾದಕೀಯದಲ್ಲಿ ಬರೆದ: ಕನ್ನಡವನ್ನು ತಿದ್ದುವ ಅಧಿಕಾರ, ಅದು ಯಾರ ಮನೆಯ ಭಾಷೆಯೋ ಅವರದು.

ಶಾಕೀರನ ಮನೆಯಲ್ಲಿ ಉರ್ದು ಆಡುತ್ತಿದ್ದರು. ಇದು ಮಿಶ್ರಿಕೋಟಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಯಾರೂ ಅಲ್ಲಿಯವರೆಗೆ ಅದನ್ನು ಗಮನಿಸಿರಲಿಲ್ಲ.

ಅದಾದ ಮೇಲೆ ಶಾಕೀರ್ ಬರಲಿಲ್ಲ. ಪತ್ರಿಕೆಯೂ ಬರಲಿಲ್ಲ. ಅಮೃತಾ ಈಗ ಸಂಪಾದಕೀಯದ ಆ ವಾಕ್ಯವನ್ನು ‘ಭಾಷಿಕ ನಿಲುವು’ ಎಂದು ಕರೆಯುತ್ತಿದ್ದಳು. ಪಂಥವು ಶಿಷ್ಟ ಬಣ, ದೇಸಿ ಬಣ ಎಂದು ಒಡೆಯಿತೆಂದು ಬರೆದಿದ್ದಳು. ಪ್ರತಿ ಬಣದಲ್ಲೂ ಒಬ್ಬೊಬ್ಬನೇ ಇದ್ದ ಎಂಬುದು ಸಿದ್ಧಾಂತಕ್ಕೆ ಅಡ್ಡಿಯಾಗಿರಲಿಲ್ಲ. ನಲವತ್ತು ವರ್ಷಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳಿಗೆ ಯಾರೋ ‘ನಿಲುವು’ ಎಂದು ಹೆಸರಿಟ್ಟಾಗ ಸಿದ್ಧಾರೂಢನಿಗೆ ಎಷ್ಟು ಹಗುರವಾಯಿತೆಂದರೆ, ಶಾಕೀರನನ್ನು ಭೇಟಿಯಾಗಲು ತಾನೂ ಬರುತ್ತೇನೆಂದುಬಿಟ್ಟಿದ್ದ.

ಧಾರವಾಡ ದಾಟಿ ಅಳ್ನಾವರದ ರಸ್ತೆಗೆ ಬಿದ್ದಂತೆ ಗಿಡಗಳು ಒತ್ತಾದವು. ಸಿದ್ಧಾರೂಢ ಮನಸ್ಸಿನಲ್ಲೇ ದೃಶ್ಯವನ್ನು ಮತ್ತೊಮ್ಮೆ ಜೋಡಿಸಿಕೊಂಡ. ಶಾಕೀರ್ ಮೊದಲು ಮುಖ ಗಂಟಿಕ್ಕುತ್ತಾನೆ. ಹಳೆಯದನ್ನು ಕೆದಕುತ್ತಾನೆ, ಕಟುವಾಗಿಯೇ. ತಾನು ಅಡ್ಡ ಮಾತಾಡದೆ ಕೇಳುತ್ತೇನೆ. ಕೊನೆಗೆ ಎದ್ದು ಅವನ ಹೆಗಲ ಮೇಲೆ ಕೈಯಿಡುತ್ತೇನೆ. ಅಮೃತಾ ಫೋಟೋ ತೆಗೆಯುತ್ತಾಳೆ. ಈ ದೃಶ್ಯದಲ್ಲಿ ಕ್ಷಮೆ ಕೇಳುವ ಮಾತಿರಲಿಲ್ಲ. ಔದಾರ್ಯವಿತ್ತು, ಮತ್ತು ಅದು ಸಿದ್ಧಾರೂಢನ ಪಾಲಿಗೇ ಬಂದಿತ್ತು.

ಶಾಕೀರ್ ಅಳ್ನಾವರದಲ್ಲಿ ಶಾಮಿಯಾನ, ಕುರ್ಚಿ, ಮೈಕು ಬಾಡಿಗೆ ಕೊಡುವ ವ್ಯಾಪಾರ ಇಟ್ಟುಕೊಂಡಿದ್ದ. ಅಂಗಡಿಯಲ್ಲಿ ಸಿಗಲಿಲ್ಲ. ಮರುದಿನ ಯಾವುದೋ ಸಹಕಾರಿ ಸಂಘದ ಸಮಾರಂಭವಿದೆ, ಊರಾಚೆಯ ಬಯಲಿನಲ್ಲಿದ್ದಾನೆ ಎಂದರು. ಅಲ್ಲಿಗೆ ಹೋದರು. ಬಯಲಿನ ಅಂಚಿಗೆ ಕಾಡು. ಆಳುಗಳು ಟ್ರ್ಯಾಕ್ಟರಿನಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಇಳಿಸುತ್ತಿದ್ದರು. ಬಿಳಿ ಗಡ್ಡದ ದಪ್ಪನೆಯ ಮನುಷ್ಯನೊಬ್ಬ ಅವರಿಗೆ ಸಾಲು ತೋರಿಸುತ್ತಿದ್ದ.

ಅವನೇ ಗುರುತು ಹಿಡಿದ. “ಏ ಸಿದ್ಧ್ಯಾ,” ಎಂದು ನಕ್ಕು ಕೈ ಹಿಡಿದುಕೊಂಡ. “ಎಷ್ಟ ಸೊರಗೀಯಲೋ.”

ಗಂಟಿಕ್ಕಿದ ಮುಖಕ್ಕೆಂದು ಸಿದ್ಧಪಡಿಸಿಕೊಂಡಿದ್ದ ಮುಗುಳ್ನಗೆ ಸಿದ್ಧಾರೂಢನ ತುಟಿಯ ಮೇಲೆ ಜಾಗ ತಪ್ಪಿ ನಿಂತಿತು. ಅಮ್ಮ ಹೇಗಿದ್ದಾರೆ ಎಂದು ಕೇಳಿದ.

“ಕೊರೊನಾದಾಗ ಹೋದ್ಲು,” ಎಂದ ಶಾಕೀರ್. “ನಿನಗ ಗೊತ್ತಾಗಿರಲಿಕ್ಕಿಲ್ಲ ಬಿಡು.”

ಕುರ್ಚಿಗಳಲ್ಲೇ ಮೂರನ್ನು ಎಳೆದುಕೊಂಡು ಕೂತರು. ಚಹಾ ಬಂತು. ಅಮೃತಾ ಫೋನನ್ನು ರೆಕಾರ್ಡಿಗೆ ಇಟ್ಟು, ‘ಗ್ರಹಾಂತರ’ದ ದಿನಗಳ ಬಗ್ಗೆ ಹೇಳಬೇಕೆಂದು ಕೇಳಿದಳು.

“ಯಾವುದವಾ ಅದು?”

ಪತ್ರಿಕೆ ಎಂದಳು. ಶಾಕೀರ್ ಹಣೆ ಉಜ್ಜಿಕೊಂಡ. ಮಸಿ ನೆನಪಿದೆ ಎಂದ. ಸೈಕ್ಲೋಸ್ಟೈಲಿನ ಮಸಿ ಕೈಗೆ ಹತ್ತಿದರೆ ವಾರಗಟ್ಟಲೆ ಹೋಗುತ್ತಿರಲಿಲ್ಲ, ಆ ಕೈಯಲ್ಲಿ ರೊಟ್ಟಿ ಮುಟ್ಟಬೇಡ ಎಂದು ಅಮ್ಮ ಬೈಯುತ್ತಿದ್ದಳು. ಅದರಲ್ಲಿ ಏನೇನು ಬರುತ್ತಿತ್ತೆಂದು ಈಗ ತಲೆಯಲ್ಲಿಲ್ಲ ಎಂದ. ನೀವು ಬರೆದ ಕಥೆಗಳಿವೆ ಎಂದು ಅಮೃತಾ ನೆನಪಿಸಿದಳು. ಇರಬೇಕು, ಆಗ ಕೆಲಸವಿರಲಿಲ್ಲ ಎಂದ.

ಸಿದ್ಧಾರೂಢನಿಗೆ ಕುರ್ಚಿಯಲ್ಲಿ ಕೂರುವುದು ಕಷ್ಟವಾಯಿತು. ಇವನು ನಟಿಸುತ್ತಿದ್ದಾನೆ. ನಟಿಸದಿದ್ದರೆ? ಇಷ್ಟು ವರ್ಷ, ಸ್ನಾನದ ಮನೆಯಲ್ಲಿ, ಪರೀಕ್ಷೆಯ ಮೇಲ್ವಿಚಾರಣೆಯ ಹೊತ್ತಿನಲ್ಲಿ, ತಾನು ಒಬ್ಬನೇ ವಾದ ಮಾಡುತ್ತಿದ್ದೆನೇ?

“ಸಂಪಾದಕೀಯ ಬರದಿದ್ನಲ್ಲೋ,” ಎಂದ. ಧ್ವನಿ ತನಗೇ ಬೇಡುವವನಂತೆ ಕೇಳಿಸಿತು. “ನಾವು ಅದರ ಮ್ಯಾಲ ಮಾತ ಬಿಟ್ವಿ.”

“ಬರದಿರಬೇಕ ತಗೋ. ಬರಿಯೂ ವಯಸ್ಸು.”

ಅಮೃತಾ ಸಂಶೋಧಕಿ, ಆಧಾರವಿಲ್ಲದೆ ಮಾತು ಬಿಡುವವಳಲ್ಲ. ಚೀಲದಿಂದ ನೆರಳಚ್ಚು ಪ್ರತಿ ತೆಗೆದು ಆ ವಾಕ್ಯವನ್ನು ಓದಿದಳು. ಪಾಠ ಓದುವಂತೆ, ಸ್ಪಷ್ಟವಾಗಿ, ಒಂದಕ್ಷರವೂ ನುಂಗದೆ. ಬಯಲಿನಲ್ಲಿ ಅದು ‘ನಿಲುವಿ’ನಂತೆ ಕೇಳಿಸಲಿಲ್ಲ.

ಶಾಕೀರ್ ಚಹಾದ ಕಪ್ಪನ್ನು ನೆಲಕ್ಕಿಟ್ಟ. ಅವನ ಮುಖದಲ್ಲಿ ಏನಾದರೂ ಬದಲಾಯಿತೇ ಎಂದು ಸಿದ್ಧಾರೂಢ ಹಸಿದವನಂತೆ ನೋಡಿದ.

“ಛಲೋ ಕನ್ನಡ ಐತಿ,” ಎಂದ ಶಾಕೀರ್. “ಯಾರ ಬರದದ್ದು?”

ಅಮೃತಾ ಸಿದ್ಧಾರೂಢನ ಕಡೆ ನೋಡಿದಳು. ಅವನು ಕನ್ನಡಕ ತೆಗೆದು ಒರೆಸತೊಡಗಿದ್ದರಿಂದ ಅವಳೇ ಹೇಳಬೇಕಾಯಿತು. “ಸರ್ ಬರದದ್ದರಿ.”

“ಹೌದಾ.”

ಅಷ್ಟೆ. ಶಾಕೀರ್ ಎದ್ದ. ಮುಂದಿನ ಸಾಲು ಸೊಟ್ಟಗಾಗಿದೆಯೆಂದು ಆಳುಗಳಿಗೆ ಕೂಗಿ ಹೇಳಿದ. ಊಟ ಮಾಡಿಯೇ ಹೋಗಬೇಕು, ಮನೆಗೆ ಹೇಳಿ ಕಳಿಸಿದ್ದೇನೆ ಎಂದ. ದನಿಯಲ್ಲಿ ಕಹಿಯಿರಲಿಲ್ಲ, ಉಪಚಾರವಿತ್ತು. ನಾಳೆಯ ಸಮಾರಂಭಕ್ಕೆ ಬರುವ ಯಾವ ಅತಿಥಿಗೂ ಇಷ್ಟೇ ಉಪಚಾರ ಸಿಗುತ್ತಿತ್ತು. ಅಮೃತಾ ರೆಕಾರ್ಡು ನಿಲ್ಲಿಸಿ, ಇದು ಬಹಳ ಉಪಯೋಗವಾಯಿತು ಎಂದಳು. ಏನು ಉಪಯೋಗವಾಯಿತೆಂದು ಸಿದ್ಧಾರೂಢ ಕೇಳಲಿಲ್ಲ. ಅವಳಿಗೆ ಯಾವುದೋ ಫೋನು ಬಂತು. ಮಾತಾಡುತ್ತ ಕಾರಿನ ನೆರಳಿಗೆ ಹೋದಳು.

ವೇದಿಕೆಯ ಮೇಲೆ ಮೈಕು ಕಟ್ಟಿ ಮುಗಿದಿತ್ತು. ಶಾಕೀರ್ ಸಿದ್ಧಾರೂಢನನ್ನು ಅಲ್ಲಿಗೆ ಹತ್ತಿಸಿ, ಅದನ್ನು ಬಿಚ್ಚಿ ಕೈಗೆ ಕೊಟ್ಟ.

“ಮಾಸ್ತರ ಅದೀಯಲ್ಲ, ಏನರ ಮಾತಾಡು. ದನಿ ಎಲ್ಲೀತನಕ ಮುಟ್ಟತೈತಿ ನೋಡಿ ಬರ್ತೀನಿ.”

ಉತ್ತರಕ್ಕೆ ಕಾಯದೆ ಅವನು ಸಾಲುಗಳ ನಡುವಿನ ದಾರಿಯಲ್ಲಿ ಬಯಲಿನ ಆ ತುದಿಗೆ ನಡೆದ. ಬಿಳಿ ಅಂಗಿ ಸಣ್ಣದಾಗುತ್ತ ಹೋಯಿತು. ಸಿದ್ಧಾರೂಢನ ಎದುರಿಗೆ ನೂರಾರು ಕೆಂಪು ಕುರ್ಚಿಗಳು, ಎಲ್ಲವೂ ಅವನ ಕಡೆ ಮುಖ ಮಾಡಿದ್ದವು.

ಏನು ಹೇಳುವುದು? ಯಾರ ಬರದದ್ದು ಎಂದು ಕೇಳಿದ್ದನಲ್ಲ. “ನಾನು,” ಎಂದ. ಕಾಡಿನಂಚಿನ ಮತ್ತಿ ಗಿಡಕ್ಕೆ ಕಟ್ಟಿದ್ದ ಧ್ವನಿವರ್ಧಕದ ಹಾರ್ನು ಒಂದು ಗಳಿಗೆ ತಡೆದು, ಯಾವನೋ ಅಪರಿಚಿತನ ಒರಟು ದನಿಯಲ್ಲಿ ‘ನಾನು’ ಎಂದಿತು. ಅವನು ಮತ್ತೆ “ನಾನು” ಎಂದ. ಅದೂ ಎಂದಿತು.

ಬಯಲಿನ ಆ ತುದಿಯಲ್ಲಿ ಶಾಕೀರ್ ನಿಂತು ಕೈ ಎತ್ತಿ ಬೀಸಿದ. ಕೇಳಿಸುತ್ತಿಲ್ಲ, ಇನ್ನೂ ಜೋರಾಗಿ ಎಂದೋ, ಸಾಕು ನಿಲ್ಲಿಸು ಎಂದೋ ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಸಿದ್ಧಾರೂಢ ಮೈಕನ್ನು ತುಟಿಗೆ ಇನ್ನಷ್ಟು ಒತ್ತಿ ಹಿಡಿದ.