ಬೆಳಗದ ಕೊಳವೆ

ಯಾರ ಮನೆಯಲ್ಲೇ ಆಗಲಿ, ಕೊಟ್ಟ ನೀರನ್ನು ಬೆಳಕಿಗೆ ಹಿಡಿದು ನೋಡದೆ ವಸೀಮಾ ತುಟಿಗೆ ತಾಗಿಸುವವಳಲ್ಲ. ಲಿಂಗಸುಗೂರಿನ ನಮ್ಮ ಬೀಗರ ಮನೆಯಲ್ಲಿ ಹೀಗೆ ಮಾಡಿದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಕಾಲೇಜಿನಲ್ಲಿ ನಾನೇ ಕನ್ನಡ ಕಲಿಸಿದ ಹುಡುಗಿ; ಅಷ್ಟೂ ಮರ್ಯಾದೆ ಬೇಡವೇ?

ತುರ್ವಿಹಾಳದಲ್ಲಿ ಕಾಲುವೆಯ ನೀರು ಹಂಚುವ ನೀರಗಂಟಿಯಾಗಿದ್ದ, ಮಸ್ಕಿಯ ಗೌಸ್‌ಸಾಬರ ಮಗಳು. ಹನ್ನೆರಡು ವರ್ಷ ಕರಾವಳಿಯ ಪ್ರಯೋಗಾಲಯವೊಂದರಲ್ಲಿ ಕಡಲ ಪಾಚಿಗಳ ಕುಲಗೋತ್ರ ಹುಡುಕಿದವಳು. ಸೂಕ್ಷ್ಮದರ್ಶಕಕ್ಕೂ ಒಂದೇ ತೆರನಾಗಿ ಕಾಣುವ ಜೀವಿಗಳಲ್ಲಿ ವಿಷದ್ದಾವುದು, ನಿರುಪದ್ರವಿ ಯಾವುದು ಎಂಬುದನ್ನು ಅವುಗಳ ವಂಶವಾಹಿಯೇ ನುಡಿಯಬೇಕು. ಅದಕ್ಕೆಂದೇ ಹೆಣೆದ ವಂಶವಾಹಿಯ ಎಳೆಯೊಂದು ನೀರಿನಲ್ಲಿ ತನ್ನ ಜೋಡಿ ಸಿಕ್ಕರೆ ಮಾತ್ರ ಅದಕ್ಕೆ ಅಂಟಿಕೊಂಡು ಪರೀಕ್ಷೆಯ ಕೊಳವೆಯೊಳಗೆ ಬೆಳಗುತ್ತದೆ. ಇದನ್ನು ವಿವರಿಸುವಾಗ ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮಾತುಮಾತಿಗೂ "ಹೌದಲ್ರಿ ಸರ್?" ಎನ್ನುವಳು. ತುಂಬಿದ ಕೊಡ ಹೊತ್ತವರಂತೆ ಮೈ ಅಲುಗದ ನಡಿಗೆ. ಕೈಯಲ್ಲಿ ಮಾದರಿ ಬಾಟಲಿ ಇಲ್ಲದಾಗಲೂ ಅದೇ.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ತುರ್ವಿಹಾಳದ ಕೆರೆ ಹಸಿರುಗಟ್ಟಿತು. ಗೌಸ್‌ಸಾಬರ ಹಳೆಯ ನೆರೆಮನೆಯ ಸಂಗಮ್ಮ, ಎರಡೇ ಎಮ್ಮೆಗಳ ಮೇಲೆ ಬದುಕು ಕಟ್ಟಿಕೊಂಡಿದ್ದವಳು, ರಜೆಗೆ ಬಂದಿದ್ದ ವಸೀಮಾಳ ಕೈ ಹಿಡಿದು ಕೇಳಿದಳು: "ಎಮ್ಮಿಗೆ ಕುಡಿಸ್ಲೋ ಬ್ಯಾಡೋ, ನೀನಽ ಹೇಳವ್ವಾ."

ವಸೀಮಾ ನೀರನ್ನು ಪ್ರಯೋಗಾಲಯಕ್ಕೆ ಒಯ್ದಳು. ಆರು ಕೊಳವೆ, ಒಂದೂ ಬೆಳಗಲಿಲ್ಲ. ಫೋನ್ ಮಾಡಿದಳು: "ಏನೂ ಇಲ್ಲ ದೊಡ್ಡವ್ವಾ, ಕುಡಸ್ರಿ."

ಮರುದಿನ ಮಧ್ಯಾಹ್ನದೊಳಗೆ ಎರಡೂ ಎಮ್ಮೆಗಳು ಗೋದಲಿಯ ಮುಂದೆ ಸತ್ತುಬಿದ್ದವು. ವಸೀಮಾಳ ಎಳೆಗಳೆಲ್ಲ ಕಡಲಿನ ವಿಷದ ಪಾಚಿಗಳಿಗೆಂದು ಹೆಣೆದಂಥವು. ಕೆರೆಯಲ್ಲಿದ್ದುದು ಬೇರೆಯೇ ಕುಲದ್ದು.

"ಅಷ್ಟೂ ಗೊತ್ತಿರಲಿಲ್ಲೇನು ನಿನಗೆ?" ಎಂದು ಗದರಿದೆ. ಈಗ ನಾಚಿಕೆಯಾಗುತ್ತದೆ.

"ಗೊತ್ತಿತ್ರಿ ಸರ್. ದೊಡ್ಡವ್ವ ಕಾಯಾಕತ್ತಿದ್ಲು, ಹೇಳಿಬಿಟ್ಟೆ."

ಕರಾವಳಿಯ ನೌಕರಿ ಬಿಟ್ಟು ಬಂದು, ಈಗ ಸಿಂಧನೂರಿನ ಒಂದು ಪುಟ್ಟ ಕೋಣೆಯಲ್ಲಿ ನೀರು ಪರೀಕ್ಷಿಸುತ್ತಾಳೆ. ಕಳೆದ ಏಪ್ರಿಲ್‌ನಲ್ಲಿ ನಾನು ಅಲ್ಲಿದ್ದಾಗಲೇ ಸಂಗಮ್ಮ ಬಾಟಲಿ ಹಿಡಿದು ಬಂದಳು. ಈ ಸಲ ಎಮ್ಮೆಗಲ್ಲ.

"ನಾವು ಕುಡೀಬೌದೇನವ್ವಾ ಇದನ್ನ?"

ಎರಡು ದಿನದ ಪರೀಕ್ಷೆಯ ಬಳಿಕ ವಸೀಮಾ ದುಪಟ್ಟಾದ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಹೇಳಿದಳು: "ನಾ ಹುಡುಕಿದ್ದು ಇದರಾಗ ಇಲ್ಲ ದೊಡ್ಡವ್ವಾ. ಬ್ಯಾರೆ ಏನೈತೋ ನನಗ ಗೊತ್ತಿಲ್ಲ."

ಸಂಗಮ್ಮ ಬಯ್ಯಲಿಲ್ಲ. "ಮನ್ಯಾಗ ಬ್ಯಾರೆ ನೀರಿಲ್ಲವ್ವಾ," ಎಂದು ಮೆಟ್ಟಿಲಿಳಿದು ಹೋದಳು.

ಒಮ್ಮೆ ಸೋತ ಮೇಲೆ ತಿಳಿದಷ್ಟನ್ನೇ ನುಡಿಯುವ ಇಂಥವರು ಲೋಕದಲ್ಲಿ ವಿರಳ. ಅವರ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಆದರೆ ಕೇಳಲು ಬಂದವರು ಆ ಪ್ರಾಮಾಣಿಕತೆಯನ್ನು ಹೊತ್ತು ಮನೆಗೆ ಹೋಗಿ, ಅದೇ ನೀರನ್ನು ಕುಡಿಯುತ್ತಾರೆ.